ಅಡ್ಡ ಬಂದ ಕೆಮ್ಮು

ನನ್ನ ಮೇಜಿನ ಮೇಲೆ ಒಂದು ಹೆಡ್‌ಫೋನು ಬಿದ್ದಿದೆ. ಎರಡು ಉದ್ದಿನ ವಡೆಗಳನ್ನು ಒಂದು ಕಮಾನಿನ ತುದಿಗಳಿಗೆ ಸಿಕ್ಕಿಸಿದ ಹಾಗೆ ಕಾಣುತ್ತದೆ. ಹಾಕಿಕೊಂಡರೆ ಕಿವಿ ಬೆವರುತ್ತವೆ, ತೆಗೆದಿಟ್ಟರೆ ಧೂಳು ಹಿಡಿಯುತ್ತದೆ. ಒರೆಸುವಾಗಲೆಲ್ಲ ಇದನ್ನು ವಾಪಸು ಕೊಟ್ಟುಬಿಡಬೇಕು ಅಂದುಕೊಳ್ಳುತ್ತೇನೆ, ಒರೆಸಿ ಮತ್ತೆ ಅಲ್ಲೇ ಇಡುತ್ತೇನೆ. ನನ್ನ ವಯಸ್ಸಿನಲ್ಲಿ ವಸ್ತುಗಳನ್ನು ವಾಪಸು ಕೊಡುವುದಕ್ಕೂ ಒಂದಿಷ್ಟು ಹುರುಪು ಬೇಕು.

ಬಿಟ್ಟುಹೋದವಳು ನನ್ನ ಅಕ್ಕನ ಮಗಳು ಸವಿತಾ. "ಚಿಗವ್ವಾ, ಫೋನಿನ ಸ್ಪೀಕರ್‌ನ್ಯಾಗ ಕೇಳಬ್ಯಾಡ, ಅರ್ಧಾ ಸಪ್ಪಳ ಹೊರಗ ಉಳಿತಾವ. ಇದನ್ನ ಹಾಕ್ಕೊಂಡು ಕಣ್ಣು ಮುಚ್ಚಿ ಕೇಳು" ಎಂದಿದ್ದಳು. ಕಣ್ಣು ಮುಚ್ಚಲು ಹೇಳಿದ್ದೇ ತಪ್ಪಾಯಿತು. ಮೂರನೆಯ ತುಣುಕು ಶುರುವಾಗುವ ಹೊತ್ತಿಗೆ ನನಗೆ ನಿದ್ದೆ ಹತ್ತಿತ್ತು. ಮರುದಿನ ಫೋನ್ ಮಾಡಿ ಹೆಂಗಿತ್ತು ಎಂದು ಕೇಳಿದಳು. "ಭಾಳ ಆಳ ಐತಿ" ಎಂದೆ. ಇಷ್ಟು ವರ್ಷ ಹಾವೇರಿಯ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಾನು ಕಲಿತ ಜಾಣತನ ಇದು: ಅರ್ಥವಾಗದ್ದನ್ನು ಆಳವಾಗಿದೆ ಎಂದುಬಿಡುವುದು.

ಸವಿತಾ ಮಾಡುವುದು ಸಂಗೀತವಂತೆ. ಅವಳು ಹಾಡುವುದಿಲ್ಲ, ವಾದ್ಯ ನುಡಿಸುವುದಿಲ್ಲ. ಅಂಗೈಯಲ್ಲಿ ಹಿಡಿಸುವ ಒಂದು ರೆಕಾರ್ಡರ್ ಹಿಡಿದು ಕಂಡಕಂಡಲ್ಲಿ ಸಪ್ಪಳ ಹಿಡಿಯುತ್ತಾಳೆ. ಅವನ್ನು ಕಂಪ್ಯೂಟರಿಗೆ ಹಾಕಿ ಹಿಗ್ಗಿಸುತ್ತಾಳೆ, ನಿಧಾನ ಮಾಡುತ್ತಾಳೆ, ಒಂದರ ಮೇಲೊಂದು ಪೇರಿಸುತ್ತಾಳೆ. ರಾಣೆಬೆನ್ನೂರಿನಲ್ಲಿ ಒಂದು ಬೀಜದಂಗಡಿಯ ಮೇಲಿನ ಕೋಣೆ ಅವಳದು. ಹಗಲು ಅಲ್ಲಿಯದೇ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ, ಉಳಿದ ಹೊತ್ತೆಲ್ಲ ಇದು. ಹೊಸ ಆಲ್ಬಮ್ಮಿನ ಹೆಸರು 'ಘಾಟು'. ಪೂರ್ತಿ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಮೇಲೆ ಮಾಡಿದ್ದು. ಒಣಗಿದ ಕಾಯಿಯೊಳಗೆ ಬೀಜ ಅಲುಗುವ ಸದ್ದು, ಹೆಣ್ಣುಮಕ್ಕಳು ಸಾಲಾಗಿ ಕೂತು ತೊಟ್ಟು ಮುರಿಯುವ ಸದ್ದು, ಕೋಲ್ಡ್ ಸ್ಟೋರೇಜಿನ ಮೋಟರು, ಚೀಲ ಎತ್ತುವ ಹಮಾಲರ ಉಸಿರು, ಹೀಗೆ. ಆಲ್ಬಮ್ಮು ಇಂಟರ್‌ನೆಟ್ಟಿನಲ್ಲಿ ಬಿಡುಗಡೆಯಾಯಿತು. ಬಿಡುಗಡೆ ಎಂದರೆ ದೀಪ ಹಚ್ಚುವುದು, ಶಾಲು ಹೊದಿಸುವುದು ಏನೂ ಇರಲಿಲ್ಲ. ಒಂದು ಬೆಳಿಗ್ಗೆ ಫೋನಿಗೆ ಕೊಂಡಿ ಬಂತು, ಅಷ್ಟೆ.

ನಾನು ಆ ಕೊಂಡಿಯನ್ನು, ನಿದ್ದೆ ಹೋಗುವ ಮೊದಲೇ, ಗೊತ್ತಿದ್ದವರಿಗೆಲ್ಲ ಕಳಿಸಿಬಿಟ್ಟಿದ್ದೆ. ಕಾಲೇಜಿನ ಗುಂಪಿಗೆ, ಸಂಬಂಧಿಕರ ಗುಂಪಿಗೆ, ಬೆಳಿಗ್ಗೆ ವಾಕಿಂಗ್ ಬರುವವರ ಗುಂಪಿಗೆ. 'ನಮ್ಮ ಮನೆಮಗಳ ಹೊಸ ಹಾಡುಗಳು, ಕೇಳಿ ಹರಸಿ.' ಹಾಡುಗಳು ಎಂದು ಬರೆದದ್ದು ನಾನು. ಅದರ ಫಲವನ್ನು ಎರಡು ತಿಂಗಳು ಉಂಡೆ.

ಮೊದಲು ಸಿಕ್ಕವರು ನಮ್ಮ ಭೌತಶಾಸ್ತ್ರದ ಪಾಟೀಲ ಸರ್. ಸ್ಟಾಫ್ ರೂಮಿನಲ್ಲಿ ನನ್ನ ಎದುರು ಕುರ್ಚಿ ಎಳೆದುಕೊಂಡು ಕೂತರು.

"ಮೇಡಂ, ನಿಮ್ಮ ಹುಡುಗಿ ಹಾಡು ಕೇಳಿದೆ. ಕೇಳಿ, ಫೋನ್ ರಿಪೇರಿಗೆ ಕೊಟ್ಟೆ."

"ಯಾಕ್ರೀ ಸರ್?"

"ಒಳಗ ಗುಂಯ್ ಅನ್ನಾಕತ್ತಿತ್ತು. ಬ್ಯಾಟರಿ ಉಬ್ಬೇತಿ ಅಂತ ಅಂಜಿದೆ. ಬಸ್ ಸ್ಟ್ಯಾಂಡ್ ಕಡೆ ಆ ಸಾಬರ ಹುಡುಗ ಅದಾನಲ್ಲ, ಅವ ಬಿಚ್ಚಿ ನೋಡಿದ. 'ಸರ್, ಸ್ಪೀಕರ್ ಖರೇನ ಚಲೋ ಐತ್ರಿ. ಹಾಡ ಹಂಗೈತಿ' ಅಂದ. ಮ್ಯಾಲೆ, 'ಇನ್ನೊಂದೀಟು ಇರ್ಲಿ ತಡೀರಿ' ಅಂತ ತಾನೂ ಕೇಳಾಕ ಹತ್ತಿದ. ಅಂವಗ ಸೇರಿತು ನೋಡ್ರಿ."

"ಮತ್ತ ನಿಮಗ?"

"ನನಗ ಫ್ರಿಜ್ ನೆನಪಾತು. ಹೊಸಾದು ತರಬೇಕಾಗೇತಿ."

ಸ್ಟಾಫ್ ರೂಮು ಎರಡು ಪಂಗಡವಾಯಿತು. ಒಂದು ಪಂಗಡ ಇದು ಸಂಗೀತವೇ ಅಲ್ಲ ಎಂದಿತು. ಇನ್ನೊಂದು, ಸಂಗೀತ ಅಲ್ಲದಿದ್ದರೇನು, ಕೇಳಿದರೆ ಏನೋ ಆಗುತ್ತದೆ ಎಂದಿತು. ಏನಾಗುತ್ತದೆ ಎಂದು ಕೇಳಿದರೆ ಅವರಲ್ಲಿ ಯಾರಿಗೂ ಹೇಳಲು ಬರಲಿಲ್ಲ. ಎರಡೂ ಪಂಗಡದವರು ಕೊನೆಗೆ ನನ್ನ ಕಡೆ ತಿರುಗಿ "ನಿಮಗೇನನಸ್ತು ಮೇಡಂ?" ಎನ್ನುತ್ತಿದ್ದರು. ನನಗೆ ಏನನಿಸಿತು ಎಂಬುದು ನನಗೇ ಗೊತ್ತಿಲ್ಲ ಎಂದು ದಿನಕ್ಕೆ ಎಷ್ಟು ಸಲ ಹೇಳುವುದು? ಆಳವಾಗಿದೆ ಎನ್ನುತ್ತಾ ಹೋದೆ. ಕಡೆಗೆ ನನ್ನನ್ನು ಕಂಡರೆ ಅವರೇ ಮೊದಲು "ಆಳ, ಆಳ" ಎನ್ನತೊಡಗಿದರು.

ನಿಜ ಹೇಳಬೇಕೆಂದರೆ ಇಂಥ ಸಪ್ಪಳ ನಮಗೆ ಹೊಸದೇನಲ್ಲ. ನಾವು ಅಕ್ಕತಂಗಿಯರು ಹುಟ್ಟಿ ಬೆಳೆದದ್ದು ಗಳಗನಾಥದಲ್ಲಿ. ಅಲ್ಲಿ ನಮ್ಮ ಅಜ್ಜ ಸಂಜೆಯಾದರೆ ಕಟ್ಟೆಯ ಮೇಲೆ ರೇಡಿಯೋ ಇಟ್ಟುಕೊಂಡು ಧಾರವಾಡದ ಸ್ಟೇಷನ್ನು ಹುಡುಕುತ್ತಿದ್ದ. ಮುಳ್ಳು ತಿರುಗಿಸಿದಷ್ಟೂ ಗೊರ್ ಗೊರ್, ಕುಂಯ್, ಎಲ್ಲಿಂದಲೋ ತುಂಡು ಮಾತು, ಮತ್ತೆ ಗೊರ್ ಗೊರ್. ಹೊಳೆಯ ಕಡೆಯಿಂದ ಗಾಳಿ ಬಂದರೆ ಅದು ಇನ್ನೂ ಜೋರು. ಸ್ಟೇಷನ್ನು ಸಿಗುವಷ್ಟರಲ್ಲಿ ಪೇಟೆ ಧಾರಣೆ ಹೇಳುವ ಹೊತ್ತು ಮುಗಿದಿರುತ್ತಿತ್ತು. ಅಜ್ಜ ಬೇಸರಿಸಿಕೊಳ್ಳುತ್ತಿರಲಿಲ್ಲ. ಆ ಗೊರಗೊರವನ್ನೇ ಕೇಳುತ್ತಾ ಎಲೆ ಅಡಿಕೆ ಜಗಿಯುತ್ತಿದ್ದ. ಇದನ್ನು ಸವಿತಾಳಿಗೆ ಹೇಳಿದಾಗ ಅವಳ ಕಣ್ಣು ಹೊಳೆದವು. ಅಕ್ಕನಿಗೆ ಹೇಳಿದೆ. "ಯಾವ ರೇಡಿಯೋ? ನಮ್ಮ ಮನ್ಯಾಗ ರೇಡಿಯೋ ಇರಲಿಲ್ಲ. ಅದು ಗೌಡ್ರ ಮನಿದು. ಅಜ್ಜ ಅಲ್ಲಿ ಹೋಗಿ ಕುಂದರತಿದ್ದ" ಎಂದಳು.

ನಮ್ಮ ಕಟ್ಟೆ, ಅದರ ಮೇಲೆ ಚರ್ಮದ ಚೀಲ ತೊಟ್ಟ ರೇಡಿಯೋ, ಅಜ್ಜನ ಬೆರಳು, ಇಷ್ಟೂ ನನಗೆ ಕಾಣುತ್ತದೆ. ಅಕ್ಕನಿಗೆ ಗೌಡರ ಕಟ್ಟೆ ಅಷ್ಟೇ ಸ್ಪಷ್ಟವಾಗಿ ಕಾಣುತ್ತದೆ. ಇಬ್ಬರಲ್ಲಿ ಒಬ್ಬಳು ಕಟ್ಟೆಯನ್ನೇ ಎತ್ತಿ ಬೇರೆ ಕಡೆ ಇಟ್ಟಿದ್ದಾಳೆ. ನಾನು ದಿನಚರಿ ಬರೆಯುವ ಚಟ ಹತ್ತಿಸಿಕೊಂಡದ್ದೇ ಇಂಥ ಜಗಳಗಳಿಗೆ ಹೆದರಿ. ಆದರೆ ಧಾರವಾಡದಲ್ಲಿ ಎಂ.ಎ. ಓದಿದವಳಿಗೆ ಇಷ್ಟಾದರೂ ತಿಳಿಯಬೇಕಿತ್ತು: ದಾಖಲೆಯಲ್ಲಿ ಉಳಿಯುವುದು ಬರೆದವನಿಗೆ ಆ ಹೊತ್ತು ಮುಖ್ಯ ಅನಿಸಿದ್ದು ಮಾತ್ರ.

ಬ್ಯಾಡಗಿಯ ತಕರಾರು ಬೇರೆಯೇ ಬಗೆಯದು. ಅಲ್ಲಿ ಸವಿತಾಳ ಅಪ್ಪ, ನಾನು ಮಾವ ಎಂದು ಕರೆಯುತ್ತಿದ್ದ ಅಕ್ಕನ ಗಂಡ, ದಲಾಲಿ ಅಂಗಡಿ ಇಟ್ಟಿದ್ದರು. ಅವರು ತೀರಿಕೊಂಡು ಒಂದು ವರ್ಷವಾಯಿತು. ಅಂಗಡಿಯನ್ನು ಈಗ ನೋಡಿಕೊಳ್ಳುವವರು ಅವರ ಪಾಲುದಾರ ಬಸಣ್ಣ. ಒಂದು ಶನಿವಾರ ಅಕ್ಕನನ್ನು ನೋಡಲು ಹೋದವಳು ಅಂಗಡಿಗೂ ಹಣಿಕಿದೆ. ಬಸಣ್ಣ ಗಾದಿಯ ಮೇಲೆ ಕಿವಿಗೆ ಫೋನು ಒತ್ತಿಕೊಂಡು ಕೂತಿದ್ದರು. ಸುತ್ತ ನಾಲ್ಕಾರು ಮಂದಿ ವ್ಯಾಪಾರಸ್ಥರು ಬಗ್ಗಿದ್ದರು.

"ಬರ್ರಿ ಟೀಚರ, ಕುಂದರ್ರಿ. ನೀವ ಹೇಳ್ರಿ. ನಮ್ಮ ಸವಿತಾ ಬ್ಯಾಡಗಿ ಹೆಸರು ಹೇಳಿ ಗುಂಟೂರು ಕಾಯಿ ಬಾರಿಸ್ಯಾಳ. ಇದು ಚಲೋ ಅಲ್ಲ."

"ಅದು ಹೆಂಗ ಗೊತ್ತಾತ್ರಿ ನಿಮಗ?"

"ಬೀಜದ ಸಪ್ಪಳ ಕೇಳ್ರಿಲ್ಲಿ. ಟಣಟಣ ಅಂತೈತಿ. ನಮ್ಮ ಡಬ್ಬಿ ಕಾಯಿ ಹಿಂಗ ಅನ್ನಂಗಿಲ್ಲ. ಅದು ಸಿಪ್ಪಿ ಮುದುಡಿರ್ತೈತಿ, ಬೀಜ ಒಳಗ ಮೆತ್ತಗ ಮಾತಾಡ್ತಾವ."

"ಲೇ ಬಸಣ್ಣ, ಇದೂ ನಮ್ಮ ಬ್ಯಾಡಗೀದ, ಕಡ್ಡಿ ಕಾಯಿ ಐತಿ" ಎಂದರು ಇನ್ನೊಬ್ಬರು. "ನಿನಗ ಎಡಗಿವಿ ಕೇಳಂಗಿಲ್ಲ, ಬಲಗಿವಿಗೆ ಹಿಡಕೋ."

"ಕಡ್ಡಿ ಅಂತ ನಿಮ್ಮಪ್ಪ ಹೇಳಿದ್ನೇನು?"

ವಾದ ಜೋರಾಯಿತು. ಸಂಗೀತ ಹೌದೋ ಅಲ್ಲವೋ ಎಂಬ ಪ್ರಶ್ನೆ ಅಲ್ಲಿ ಯಾರಿಗೂ ಹೊಳೆದಿರಲಿಲ್ಲ. ಸವಿತಾಳಿಗೆ ಫೋನ್ ಮಾಡಿ ಕೇಳಿದೆ. "ಅವತ್ತು ಯಾವ ರಾಶಿ ಮುಂದ ನಿಂತಿದ್ನೋ ನನಗೇನು ಗೊತ್ತು ಚಿಗವ್ವಾ" ಎಂದು ಅತ್ತ ಕಡೆಯಿಂದ ನಿಟ್ಟುಸಿರು ಬಿಟ್ಟಳು. ಈ ಉತ್ತರವನ್ನು ನಾನು ಬಸಣ್ಣನವರಿಗೆ ಮುಟ್ಟಿಸಲಿಲ್ಲ. ಪೇಟೆಯಲ್ಲಿ ಅವಳ ಅಪ್ಪನ ಮರ್ಯಾದೆ ಇನ್ನೂ ಉಳಿದಿದೆ.

ಹೊರಗಿನವರೂ ಆಲ್ಬಮ್ಮು ಕೇಳಿ ಇಂಟರ್‌ನೆಟ್ಟಿನಲ್ಲಿ ಬರೆಯುತ್ತಿದ್ದರು. ಎಲ್ಲೆಲ್ಲಿಯವರೋ, ಇಂಥದ್ದನ್ನೇ ಹುಡುಕಿ ಕೇಳುವ ಒಂದು ಕುಲವೇ ಇದೆಯಂತೆ. ಅವರೂ ಎರಡಾಗಿದ್ದರು, ಜಗಳ ಮುಖ್ಯವಾಗಿ ಕೊನೆಯ ತುಣುಕಿನ ಮೇಲೆ. ಅದರಲ್ಲಿ ಬೆಂಕಿ ಉರಿಯುವ ಸದ್ದಿದೆ. ಯಾರೋ ಹೆಂಗಸು ಮಣಮಣ ಏನೋ ಅನ್ನುತ್ತಾಳೆ. ಮೆಣಸಿನಕಾಯಿ ಬೆಂಕಿಗೆ ಬಿದ್ದು ಚಟಪಟ ಎನ್ನುತ್ತವೆ. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಆ ಏನೂ ಇಲ್ಲದಿರುವುದೇ ಇಡೀ ಆಲ್ಬಮ್ಮಿನ ಜೀವ ಎಂದು ಒಬ್ಬ ಬರೆದಿದ್ದ. ಮುಗಿಸಲು ಬಾರದೆ ಬಿಟ್ಟದ್ದಕ್ಕೆ ಮೌನ ಎಂದು ಹೆಸರಿಡಬೇಡಿ ಎಂದು ಇನ್ನೊಬ್ಬ. ಸವಿತಾ ಇವನ್ನೆಲ್ಲ ನನಗೆ ಓದಿ ಹೇಳುತ್ತಿದ್ದಳು. ಹೊಗಳಿಕೆಗೆ ಹಿಗ್ಗಿದ್ದನ್ನು ಕಾಣಲಿಲ್ಲ, ತೆಗಳಿಕೆಗೆ ಕುಗ್ಗಿದ್ದನ್ನೂ ಕಾಣಲಿಲ್ಲ. "ಇಬ್ರೂ ಕಡೀತನಕ ಕೇಳ್ಯಾರಲ್ಲ" ಎನ್ನುತ್ತಿದ್ದಳು. ನಾನು ಮಾತು ಬದಲಿಸುತ್ತಿದ್ದೆ.

ಕೇಳದೆ ಉಳಿದವಳು ಅಕ್ಕ ಒಬ್ಬಳೇ. "ದಿನಾ ಕೇಳೂ ಸಪ್ಪಳ ಮತ್ತ ಫೋನಿನ್ಯಾಗ ಯಾಕ ಕೇಳಬೇಕು" ಎಂದುಬಿಟ್ಟಿದ್ದಳು. ಒಂದು ಭಾನುವಾರ ನಾನು ಬ್ಯಾಡಗಿಗೆ ಹೋದಾಗ ಸವಿತಾಳೂ ಬಂದಿದ್ದಳು. ಊಟ ಮುಗಿದಿತ್ತು. ಬಸಣ್ಣನವರ ಗುಂಟೂರಿನ ಕತೆ ಹೇಳಿ ನಾವು ನಗುತ್ತಿದ್ದಾಗ ಅಕ್ಕನೇ "ಅಂಥಾದ್ದೇನೈತಿ ಅದರಾಗ, ಹಚ್ಚು ನೋಡೋಣು" ಎಂದಳು. ನಾನು ಹಚ್ಚಿದೆ. ಬೇಗ ಮುಗಿಯಲಿ ಎಂದು ಕೊನೆಯದನ್ನೇ ಹಚ್ಚಿದೆ.

ಇಲ್ಲಿ ಒಂದು ಸಂಗತಿ ಹೇಳಬೇಕು. ಮಾವ ತೀರಿಕೊಳ್ಳುವುದಕ್ಕೆ ಕೆಲವು ತಿಂಗಳ ಮೊದಲು ಪೇಟೆಯವರು ಸೇರಿ ಅವರಿಗೆ ಸನ್ಮಾನ ಮಾಡಿದ್ದರು. ಹಾವೇರಿಯಿಂದ ತರಿಸಿದ ದೊಡ್ಡ ಏಲಕ್ಕಿ ಮಾಲೆ ಹಾಕಿ, ಪೇಟ ಸುತ್ತಿ, ವೇದಿಕೆಯ ಮೇಲೆ ನಡುವೆ ಕೂರಿಸಿದ್ದರು. ಊರೆಲ್ಲ ನೋಡಿತು. ಊರೆಲ್ಲ ನೋಡಿತು ಎಂಬುದೇ ಅಕ್ಕನಿಗೆ ಅಂಜಿಕೆ. ಮರುದಿನ ಬೆಳಿಗ್ಗೆ ಅವರನ್ನು ಬಚ್ಚಲ ಒಲೆಯ ಮುಂದೆ ಮಣೆ ಹಾಕಿ ಕೂರಿಸಿ ದೃಷ್ಟಿ ತೆಗೆದಳು. ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು, ತಲೆಯಿಂದ ಕಾಲಿನವರೆಗೆ ಇಳಿಸಿ, ಕೆಂಡಕ್ಕೆ ಹಾಕಿದಳು. ನಾನು ಸನ್ಮಾನಕ್ಕೆಂದು ಬಂದವಳು ಅಲ್ಲೇ ಬಾಗಿಲಲ್ಲಿ ನಿಂತಿದ್ದೆ. ಸವಿತಾ ಎಂದಿನಂತೆ ರೆಕಾರ್ಡರ್ ಹಿಡಿದಿದ್ದಳು.

ನಮ್ಮ ಮನೆಗಳಲ್ಲಿ ಇದಕ್ಕೊಂದು ಪರೀಕ್ಷೆ ಇದೆ. ಕಾಯಿ ಕೆಂಡಕ್ಕೆ ಬಿದ್ದಾಗ ಘಾಟು ಎದ್ದು ಕೆಮ್ಮು ಬಂದರೆ ದೃಷ್ಟಿ ತಾಗಿಲ್ಲ ಎಂದು ಲೆಕ್ಕ. ಘಾಟೇ ಬರದಿದ್ದರೆ ಬಲವಾಗಿ ತಾಗಿದೆ ಎಂದು. ಆಗ ಮತ್ತೆ ಇಳಿಸಬೇಕು, ಕೆಮ್ಮು ಬರುವ ತನಕ ಇಳಿಸಬೇಕು. ಅಕ್ಕ ಅವತ್ತು ಒಂದೇ ಸಲ ಇಳಿಸಿದ್ದಳು. ಮಾವ ಎದ್ದು ಅಂಗಡಿಗೆ ಹೋದರು. ಮುಂದೆ ಒಂದು ಮಧ್ಯಾಹ್ನ ಅಂಗಡಿಯ ಗಾದಿಯ ಮೇಲೆಯೇ ಎದೆ ಹಿಡಿದುಕೊಂಡು ಒರಗಿದರು.

ಫೋನಿನಲ್ಲಿ ಕಾಯಿ ಚಟಪಟ ಎಂದವು. ಅಕ್ಕ ತನ್ನದೇ ಮಣಮಣ ಕೇಳಿ ಮೊದಲು ನಕ್ಕಳು. ಆಮೇಲೆ ಆ ಏನೂ ಇಲ್ಲದ ಹೊತ್ತು ಬಂತು. ಅದು ಮುಗಿಯುವ ತನಕ ಕಾದಳು. ಮುಗಿಯಿತು.

"ಕೆಮ್ಮು ಎಲ್ಲಿ?" ಎಂದಳು.

ನಾನು ಸವಿತಾಳ ಮುಖ ನೋಡಿದೆ.

"ನಿಮ್ಮಪ್ಪ ಕೆಮ್ಮಿದ್ರಲ್ಲ. ಎರಡು ಸಲ ಕೆಮ್ಮಿ, ಕಣ್ಣು ಒರಿಸ್ಕೊಂಡು ಎದ್ರು. ಅದು ಎಲ್ಲಿ ಹೋತು?"

ಸವಿತಾ ತಡಮಾಡಲಿಲ್ಲ. "ನಾನ ತಗದೀನಿ ಅವ್ವಾ. ಅಡ್ಡ ಬರತಿತ್ತು."

"ನಿಮ್ಮಪ್ಪನ ಕೆಮ್ಮು ನಿನಗ ಅಡ್ಡ ಬಂತೇನು?"

ಅಕ್ಕ ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಹಿಂದೆ ಕೇಳಿಲ್ಲ. ಸಂಜೆ ಅವಳು ರಾಣೆಬೆನ್ನೂರಿನ ಬಸ್ಸು ಹತ್ತುವಾಗ ಅಕ್ಕ ಹೊರಗೆ ಬರಲಿಲ್ಲ. ಯಾವತ್ತೂ ಕೈಗೆ ಕೊಡುವ ರೊಟ್ಟಿಯ ಗಂಟನ್ನೂ ಕಟ್ಟಲಿಲ್ಲ. ಅಲ್ಲಿಂದ ಮುಂದೆ ಮಗಳ ಫೋನು ಎತ್ತುವುದನ್ನೂ ಬಿಟ್ಟಳು.

ನನಗೆ ಮಾತ್ರ ಫೋನು ಬರುತ್ತಿತ್ತು. "ಕಮಲಾ, ನೀನೂ ಅಲ್ಲೇ ಇದ್ದೆಲ್ಲ. ಅವರು ಕೆಮ್ಮಿದ್ರೋ ಇಲ್ಲೋ, ಹೇಳು."

"ನನಗ ನೆನಪಿಲ್ಲ ಅಕ್ಕಾ."

"ದಿನಾ ಬರಿತಿಯಲ್ಲ, ತಗದು ನೋಡು."

ತೆಗೆದು ನೋಡಿದೆ. ಆ ದಿನದ ಪುಟದಲ್ಲಿ ವಾಪಸು ಬರುವಾಗ ಮೋಟೆಬೆನ್ನೂರು ಕ್ರಾಸಿನಲ್ಲಿ ಬಸ್ಸಿಗಾಗಿ ಕಾದದ್ದು, ಮನೆಯಲ್ಲಿ ತೂಗುಹಾಕಿದ್ದ ಏಲಕ್ಕಿ ಮಾಲೆಯ ವಾಸನೆಗೆ ನನಗೆ ತಲೆನೋವು ಬಂದದ್ದು, ಇಷ್ಟೇ ಇತ್ತು. ಅದನ್ನೇ ಹೇಳಿದೆ.

"ನಿನಗ ನಿನ್ನ ತಲಿನೋವು ನೆನಪಿರ್ತೈತಿ. ನಿಮ್ಮ ಮಾವ ಕೆಮ್ಮಿದ್ದು ನೆನಪಿರಂಗಿಲ್ಲ" ಎಂದು ಫೋನು ಇಟ್ಟಳು. ಮತ್ತೆ ಮರುದಿನ ಮಾಡಿದಳು. "ಅವರು ಕೆಮ್ಮದಿದ್ರ ನಾ ಮತ್ತೊಮ್ಮೆ ಇಳಸತಿದ್ದೆ. ಇಳಸದ ಬಿಡಾಕ ನನಗೇನು ಹುಚ್ಚು ಹಿಡದಿತ್ತೇನು?" ಅದು ನನಗೆ ಹಾಕಿದ ಪ್ರಶ್ನೆಯಲ್ಲ ಎಂದು ಗೊತ್ತಿತ್ತು. ಸುಮ್ಮನೆ ಹ್ಞೂಂ ಎಂದೆ. ನಾನು ವಿದ್ಯಾವಂತೆ, ಇದೆಲ್ಲ ಮೂಢನಂಬಿಕೆ ಎಂದು ತರಗತಿಯಲ್ಲಿ ಹೇಳುವವಳು. ಆದರೆ ಹಾಗಂದರೆ ಅಕ್ಕನಿಗೆ ಏನು ಸಿಗುತ್ತದೆ? ಅವಳಿಗೆ ಬೇಕಾಗಿದ್ದದ್ದು ಒಂದು ಕೆಮ್ಮು.

ಮೂಲ ರೆಕಾರ್ಡಿಂಗ್ ಉಳಿದಿದ್ದರೆ ತಂದು ಕೇಳಿಸಿದರೆ ಮುಗಿಯಿತು ಅಂದುಕೊಂಡು ಒಂದು ರಜೆಯ ದಿನ ರಾಣೆಬೆನ್ನೂರಿಗೆ ಹೋದೆ. ಕೆಳಗಿನ ಅಂಗಡಿಯಲ್ಲಿ ಬದನೆ, ಟೊಮೆಟೊ ಬೀಜದ ಬಣ್ಣಬಣ್ಣದ ಪಾಕೀಟುಗಳು ತೂಗುತ್ತಿದ್ದವು. ಮೇಲೆ ಸವಿತಾ ಚಹಾ ಮಾಡಿ ಕೊಟ್ಟಳು. ಸೊರಗಿದ್ದಳು. ಬಂದ ಕೆಲಸ ಹೇಳಿದೆ.

"ಐತಿ" ಎಂದಳು. "ಕೇಳು."

ಕೇಳಿದೆ. ಬೆಂಕಿ, ಅಕ್ಕನ ಮಣಮಣ, ಚಟಪಟ. ಆಮೇಲೆ ಆಲ್ಬಮ್ಮಿನಲ್ಲಿ ಇದ್ದದ್ದೇ. ಏನೂ ಇಲ್ಲ. ನಾನು ಕೆಮ್ಮಿಗಾಗಿ ಕಾದೆ. ಮಣೆ ಸರಿದ ಸದ್ದು, ಚಪ್ಪಲಿ ಮೆಟ್ಟಿದ ಸದ್ದು ಬಂತು. ಮುಗಿಯಿತು.

"ನಾ ಏನೂ ತಗದಿಲ್ಲ ಚಿಗವ್ವಾ. ಅಪ್ಪ ಕೆಮ್ಮಿಲ್ಲ. ಯಾರೂ ಕೆಮ್ಮಿಲ್ಲ."

"ಮತ್ತ ಅವತ್ತು ಯಾಕ ಹಂಗಂದಿ?"

"ಕೆಮ್ಮು ಎಲ್ಲಿ ಅಂತ ಅವ್ವ ಕೇಳಿದ ಕೂಡಲೇ ನನಗ ತಿಳೀತು. ಕೆಮ್ಮಿಲ್ಲ ಅಂದ್ರ ಅಪ್ಪ ಹೋಗಿದ್ದು ತನ್ನಿಂದ ಅಂತಾಳ. ಅದಕ್ಕಿಂತ ನನ್ನ ಮ್ಯಾಲೆ ಸಿಟ್ಟಾಗಲಿ ಅಂದೆ."

ಚಹಾ ಆರಿತ್ತು. ಕುಡಿದೆ.

"ಅವ್ವ ಇಳಿಸಿದ್ದು ಡಬ್ಬಿ ಕಾಯಿ" ಎಂದಳು ಸವಿತಾ. "ನೋಡಿದ್ದು ನೆನಪೈತೇನು? ಡಬರ್ಯಾಗಿಂದ ಒಂದೊಂದ ಆರಿಸಿ ತಗೊಂಡ್ಲು. ಡಬ್ಬಿ ಕಾಯಿಗೆ ಬಣ್ಣ ಇರ್ತೈತಿ, ಘಾಟು ಎಲ್ಲೀದು? ಎಲ್ಲಾರೂ ಇದಕ್ಕ ಸಣ್ಣ ಖಾರದ ಕಾಯಿ ಹಾಕ್ತಾರ."

"ಹಂಗಾರ ಅದನ್ನ ಹೇಳು ಅಕ್ಕಗ. ದೃಷ್ಟಿ ತಾಗಿದ್ದಲ್ಲ, ಕಾಯಿ ಹಂಗಿತ್ತು ಅಂತ."

"ಅಪ್ಪಗ ಅಂತ ಎಲ್ಲಾದಕ್ಕಿಂತ ಚಲೋ ಕಾಯಿ ಆರಿಸ್ಯಾಳ. ಅದ ತಪ್ಪಾತು ಅಂತ ನಾ ಹೆಂಗ ಹೇಳ್ಲಿ?"

ಬರುವಾಗ ಬಸ್ಸಿನ ಕಿಟಕಿಗೆ ತಲೆ ಆನಿಸಿ ಕೂತು, ಅಕ್ಕ ಕಾಯಿ ಆರಿಸಿದ್ದನ್ನು ನಾನು ನಿಜವಾಗಿ ನೋಡಿದ್ದೆನೋ ಅಥವಾ ಈಗ ಸವಿತಾ ಹೇಳಿದ್ದರಿಂದ ನೋಡುತ್ತಿದ್ದೇನೋ ಎಂದು ಪರೀಕ್ಷಿಸಿಕೊಂಡೆ. ಎರಡೂ ಒಂದೇ ಥರ ಕಾಣುತ್ತಿದ್ದವು. ಸಾಕಾಗಿತ್ತು. ಅಕ್ಕನ ಮುಂದೆ ನಿಜ ಹೇಳಲಿಲ್ಲ. ಸವಿತಾ ಆ ರೆಕಾರ್ಡಿಂಗ್ ಹುಡುಕುತ್ತಿದ್ದಾಳೆ ಎಂದೆ.

ಕೆಲವು ವಾರ ಬಿಟ್ಟು ಕೊನೆಯ ತುಣುಕು ಬದಲಾಯಿತು. ಸವಿತಾ ಹಳೆಯದನ್ನು ತೆಗೆದು ಹೊಸದನ್ನು ಹಾಕಿದ್ದಳು. ಚಟಪಟ ಆದ ಮೇಲೆ, ಆ ಖಾಲಿಯ ನಡುವೆ, ಗಂಡಸೊಬ್ಬ ಎರಡು ಸಲ ಕೆಮ್ಮುತ್ತಾನೆ.

"ಯಾರದು?" ಎಂದು ಫೋನ್ ಮಾಡಿ ಕೇಳಿದೆ.

"ಅಪ್ಪಂದು. ಅಂಗಡ್ಯಾಗ ಯಾವಾಗೋ ರೆಕಾರ್ಡ್ ಮಾಡಿದ್ದರಾಗ ಸಿಕ್ತು. ಕೂಡಿಸೀನಿ. ಅವ್ವಗ ಹೇಳಬ್ಯಾಡ."

ಕೇಳುಗರು ಮತ್ತೆ ಎರಡಾದರು. ಪಾಟೀಲ ಸರ್ "ಈಗ ಒಬ್ಬ ಮನಷ್ಯಾ ಬಂದ ನೋಡ್ರಿ ಒಳಗ" ಎಂದು ಮೆಚ್ಚಿದರು. ಬಸಣ್ಣನವರು ಪಾಲುದಾರನ ಕೆಮ್ಮು ಕೇಳಿ ಗುಂಟೂರಿನ ಕಾಯಿಯನ್ನು ಕ್ಷಮಿಸಿದರು. ಮೌನವನ್ನು ಹೊಗಳಿದ್ದವನು ಮಾತ್ರ, ಇಷ್ಟು ಧೈರ್ಯದ ಕೃತಿಯನ್ನು ಕಲಾವಿದೆಯೇ ಒಂದು ಅಗ್ಗದ ಕೆಮ್ಮಿನಿಂದ ಕೆಡಿಸಿದಳು, ಇದು ಮೋಸ ಎಂದು ಉದ್ದಕ್ಕೆ ಬರೆದ. ಸವಿತಾ ಅದನ್ನು ನನಗೆ ಓದಿ ಹೇಳಲಿಲ್ಲ. ನಾನೇ ಹುಡುಕಿ ಓದಿದೆ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ ಎಂದು ಒಪ್ಪಿಕೊಳ್ಳಲು ನನಗೆ ಬೇಸರವಾಯಿತು. ಇದಕ್ಕಿಂತ ಬೇಸರದ ಸಂಗತಿ ಬೇರೆ ಇದೆ. ಆ ಹೊಸ ತುಣುಕನ್ನು ಮೂರು ನಾಲ್ಕು ಸಲ ಕೇಳಿದ ಮೇಲೆ ನನಗೂ ಮಾವ ಕಾಣತೊಡಗಿದರು. ಮಣೆಯ ಮೇಲೆ ಕೂತು, ಹೆಗಲ ಟವೆಲ್ಲು ಬಾಯಿಗೆ ಹಿಡಿದು, ಕೆಮ್ಮುತ್ತಿದ್ದರು. ನಡೆಯದೇ ಇದ್ದದ್ದು ಎಂದು ಗೊತ್ತಿದ್ದೂ ಕಾಣುತ್ತಿತ್ತು.

ನಾನೇ ಸವಿತಾಳನ್ನು ಬ್ಯಾಡಗಿಗೆ ಬರಹೇಳಿದೆ. ಅಕ್ಕ ಬಾಗಿಲಲ್ಲಿ ಅವಳನ್ನು ನೋಡಿ ಒಳಗೆ ಹೋದಳು. ಬಾ ಎನ್ನಲಿಲ್ಲ, ಬರಬೇಡ ಎನ್ನಲೂ ಇಲ್ಲ. ನಡುಮನೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ನಾವೂ ಹೋಗಿ ಕೂತೆವು.

"ಅಕ್ಕಾ, ಆ ಕೆಮ್ಮು ಸಿಕ್ಕೇತಿ. ಮತ್ತ ಹಾಕ್ಯಾಳ" ಎಂದೆ. ನನ್ನ ದನಿ ಪರೀಕ್ಷೆಯ ಕೊಠಡಿಯಲ್ಲಿ ಸೂಚನೆ ಓದುವಾಗಿನ ದನಿಯಾಗಿತ್ತು.

ಅಕ್ಕ ಮೊರ ಪಕ್ಕಕ್ಕಿಟ್ಟಳು. ಸವಿತಾ ಫೋನು ನೆಲದ ಮೇಲಿಟ್ಟು ಹಚ್ಚಿದಳು. ಬೆಂಕಿ, ಮಣಮಣ, ಚಟಪಟ. ಕೆಮ್ಮು. ಮತ್ತೊಂದು ಕೆಮ್ಮು. ಅಕ್ಕನ ಕೈ ಸೆರಗಿನ ಕಡೆ ಹೋಗಿ ಅಲ್ಲೇ ನಿಂತಿತು. ತುಣುಕು ಮುಗಿಯಿತು.

"ಇದು ಅಂಗಡಿ ಕೆಮ್ಮು" ಎಂದಳು.

ಸವಿತಾ ತಲೆ ಎತ್ತಲಿಲ್ಲ.

"ಗಿರಾಕಿ ಬಂದ್ರ ಒಳಗ ಹಮಾಲರಿಗೆ ತಿಳೀಲಿ ಅಂತ ಕೆಮ್ಮತಿದ್ರಲ್ಲ, ಅದು. ಮನ್ಯಾಗ ಹಿಂಗ ಯಾವತ್ತೂ ಕೆಮ್ಮಲಿಲ್ಲ ಅವರು." ಫೋನಿನ ಕಡೆ ನೋಡಿ, "ಅಂದ್ರ ಅವತ್ತು ಕೆಮ್ಮಿಲ್ಲ" ಎಂದಳು.

"ಅವ್ವಾ..." ಎಂದಳು ಸವಿತಾ.

"ಅಡಗಿ ಮನ್ಯಾಗ ಒಲಿ ಮ್ಯಾಲೆ ಹಾಲಿತ್ತು. ಉಕ್ಕತೈತಿ ಅಂತ ಒಳಗ ಓಡಿದೆ. ಬರೂದ್ರಾಗ ಅವರು ಚಪ್ಪಲಿ ಮೆಟ್ಟಿದ್ರು. ಕೆಮ್ಮಿದ್ರೇನ್ರಿ ಅಂತ ಕೇಳಬೇಕಂತ ಮಾಡಿದೆ, ಕೇಳ್ಲಿಲ್ಲ. ಕೆಮ್ಮಿರಬೇಕು ಬಿಡು ಅಂದ್ಕೊಂಡೆ. ಹಂಗ ಅಂದ್ಕೋತ ಅಂದ್ಕೋತ, ಕಿವಿಲೇ ಕೇಳಿದಂಗ ಆಗಿತ್ತು."

ಕಾಯಿಯ ವಿಷಯ ಹೇಳಲೇ ಎಂದು ಸವಿತಾಳ ಕಡೆ ನೋಡಿದೆ. ಅವಳು ಬೇಡ ಎನ್ನುವಂತೆ ಕಣ್ಣು ಮುಚ್ಚಿದಳು. ಹೊರಗೆ ಓಣಿಯಲ್ಲಿ ಮೆಣಸಿನಕಾಯಿ ಚೀಲ ಹೇರಿದ ಟಂಟಂ ಗಾಡಿ ಹೋಯಿತು. ಅದರ ಹಿಂದೆಯೇ ಘಾಟು ಒಳಗೆ ಬಂತು. ಮೂವರಲ್ಲಿ ಕೆಮ್ಮಿದವಳು ನಾನೊಬ್ಬಳೇ.

ಅಕ್ಕ ಮೊರವನ್ನು ಮತ್ತೆ ತೊಡೆಯ ಮೇಲೆಳೆದುಕೊಂಡಳು. ಜೋಳದಲ್ಲಿ ಕೈಯಾಡಿಸಿದಳು, ಒಂದು ಕಲ್ಲು ಹೆಕ್ಕಿ ಅತ್ತ ಹಾಕಿದಳು.

"ಕೆಮ್ಮು ಅಂತೂ ಅವರದ ಹೌದಲ್ಲ" ಎಂದಳು ಮಗಳಿಗೆ. "ಇನ್ನೊಮ್ಮೆ ಹಚ್ಚು."